ಲೈಟ್ ಹಾಕಿ ನೋಡಿ, ಆಮೇಲೆ ಒಪ್ಪಿ: ಅಂಗಡಿಯ ಗ್ಲೋ ಸೈನ್ ಬೋರ್ಡಿಗೆ ಶೀಟು, ವಿನೈಲ್ ಆರಿಸುವ ಬಗೆ

ಸಂಜೆ ಏಳು ಗಂಟೆ ಹೊತ್ತಿಗೆ ದಾವಣಗೆರೆಯ ಅಶೋಕ ರಸ್ತೆಯಲ್ಲೋ ಮಂಡಿಪೇಟೆಯಲ್ಲೋ ಒಂದು ಸುತ್ತು ಹಾಕಿ. ಬೋರ್ಡುಗಳನ್ನು ಮಾತ್ರ ನೋಡುತ್ತಾ ನಡೆಯಿರಿ. ಕೆಲವು ಅಂಗಡಿಗಳ ಹೆಸರು ರಸ್ತೆಯ ಆ ಬದಿಯಿಂದಲೇ ಸಲೀಸಾಗಿ ಓದಲು ಬರುತ್ತದೆ. ಕೆಲವು ಬೋರ್ಡುಗಳಲ್ಲಿ ಹಗಲು ಕೆಂಪಗಿದ್ದ ಅಕ್ಷರ ಲೈಟ್ ಹಾಕಿದ ಕೂಡಲೇ ಕಪ್ಪಾಗಿರುತ್ತದೆ. ಇನ್ನು ಕೆಲವದರಲ್ಲಿ ಒಳಗಿನ ಎಲ್‌ಇಡಿ ಚುಕ್ಕಿಗಳನ್ನು ಹೊರಗೆ ನಿಂತೇ ಎಣಿಸಬಹುದು. ಈ ಮಾಲೀಕರೆಲ್ಲ ದುಡ್ಡು ಉಳಿಸಲು ಹೋದವರು ಅಂತಲ್ಲ. ಹಗಲು ಹೊತ್ತಿನಲ್ಲಿ, ಕಂಪ್ಯೂಟರ್ ಪರದೆ ಮೇಲೆ ಡಿಸೈನ್ ನೋಡಿ ಒಪ್ಪಿಕೊಂಡವರು.

ಗ್ಲೋ ಸೈನ್ ಬೋರ್ಡಿನ ಮೇಲೆ ಹಗಲು ಬಿಸಿಲು ಮುಂದಿನಿಂದ ಬೀಳುತ್ತದೆ. ರಾತ್ರಿ ಬೆಳಕು ಒಳಗಿನಿಂದ ತೂರಿ ಬರುತ್ತದೆ. ಒಂದೇ ಶೀಟು, ಅದರ ಮೇಲೆ ಅಂಟಿಸುವ ಒಂದೇ ವಿನೈಲು (ಬಣ್ಣದ ಸ್ಟಿಕ್ಕರ್ ಹಾಳೆ) ಎರಡೂ ಹೊತ್ತಿನಲ್ಲಿ ಸರಿಯಾಗಿ ಕಾಣಬೇಕು. ಹಾಗಾಗಿ ಯಾವ ಸಾಮಾನನ್ನೇ ಆರಿಸಿ, ಅದರ ಹಿಂದೆ ಲೈಟ್ ಹಿಡಿದು ನೋಡಿದ ಮೇಲೆಯೇ ಆರ್ಡರ್ ಕೊಡಿ. ಹೇಗೆ ನೋಡಬೇಕು, ಏನೇನು ಕೇಳಬೇಕು ಅನ್ನುವುದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲು ಅಂಗಡಿ ಮುಂದೆ ನಿಂತು ನೋಡಿ

ಗಿರಾಕಿ ಎಲ್ಲಿ ನಿಂತು ನಿಮ್ಮ ಬೋರ್ಡ್ ಓದುತ್ತಾರೆ? ಚೌಕಿಪೇಟೆಯಂಥ ಇಕ್ಕಟ್ಟಾದ ಬೀದಿಯಲ್ಲಿ 20 ಅಡಿ ದೂರದಿಂದ. ಪಿ.ಬಿ. ರಸ್ತೆಯಲ್ಲಾದರೆ 60–80 ಅಡಿ ದೂರದಿಂದ, ಅದೂ ಗಾಡಿ ಓಡಿಸುತ್ತಾ. ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಬೇಕು ಎನ್ನುವ ಲೆಕ್ಕ ಬೋರ್ಡ್ ಕೆಲಸದಲ್ಲಿ ಎಲ್ಲರಿಗೂ ಗೊತ್ತು. ಆ ಲೆಕ್ಕ ಇಂಗ್ಲಿಷ್ ದೊಡ್ಡಕ್ಷರಕ್ಕೆ ಸರಿ. ಕನ್ನಡದ ಅಕ್ಷರಕ್ಕೆ ಸುತ್ತು ಜಾಸ್ತಿ, ಮೇಲೆ ಗುಣಿತ, ಕೆಳಗೆ ಒತ್ತು. ಒಂದೂವರೆ ಪಟ್ಟು ಇಟ್ಟುಕೊಳ್ಳಿ ಅನ್ನುವುದು ನನ್ನ ಸಲಹೆ. 60 ಅಡಿ ದೂರಕ್ಕೆ 9 ಇಂಚು, ಅದೂ ಒತ್ತಕ್ಷರ ಬಿಟ್ಟು ತಲೆಕಟ್ಟಿನಿಂದ ಅಕ್ಷರದ ಬುಡದವರೆಗೆ ಅಳೆದು.

ಆಮೇಲೆ ಬಿಸಿಲು. ಅಂಗಡಿ ಪಶ್ಚಿಮಕ್ಕೆ ಮುಖ ಮಾಡಿದ್ದರೆ ಮಧ್ಯಾಹ್ನ ಎರಡರಿಂದ ಸಂಜೆವರೆಗೂ ಬಿಸಿಲು ಬೋರ್ಡಿನ ಮೇಲೇ ಇರುತ್ತದೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ಗಾಳಿಯ ಬಿಸಿಯೇ 38–39 ಡಿಗ್ರಿ ಮುಟ್ಟುತ್ತದೆ. ಬಿಸಿಲಿಗೆ ಒಡ್ಡಿದ ಶೀಟು ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಇಂಥ ಜಾಗಕ್ಕೆ ಅಗ್ಗದ ವಿನೈಲ್ ಬೇಡವೇ ಬೇಡ. ಉತ್ತರಕ್ಕೆ ಮುಖ ಮಾಡಿದ, ಮೇಲೆ ಸಜ್ಜಾ ಇರುವ ಅಂಗಡಿಗಾದರೆ ಒಂದು ದರ್ಜೆ ಕೆಳಗಿನದನ್ನು ಹಾಕಿದರೂ ನಡೆಯುತ್ತದೆ. ಮಂಡಕ್ಕಿ ಭಟ್ಟಿಗಳ ಆಸುಪಾಸಿನಲ್ಲಿದ್ದರೆ ಹೊಗೆಯ ಮಸಿ, ಹೆದ್ದಾರಿ ಪಕ್ಕದಲ್ಲಿದ್ದರೆ ಕೆಂಧೂಳು, ಇವೂ ಲೆಕ್ಕಕ್ಕೆ ಬರಬೇಕು.

ಇನ್ನೊಂದು ವಿಷಯ ಡಿಸೈನ್ ಮಾಡಿಸುವ ಮೊದಲೇ ಗೊತ್ತಿರಲಿ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ನಾಮಫಲಕದ ಶೇಕಡ 60 ಭಾಗ ಕನ್ನಡದಲ್ಲಿರಬೇಕು, ಮತ್ತು ಕನ್ನಡ ಮೇಲ್ಭಾಗದಲ್ಲಿರಬೇಕು. ಬೋರ್ಡ್ ಮಾಡಿಸಿ ಏರಿಸಿದ ಮೇಲೆ ವಿನೈಲ್ ಕಿತ್ತು ಮತ್ತೆ ಅಂಟಿಸುವುದು ಎರಡು ಪಟ್ಟು ಖರ್ಚು.

ಮುಖದ ಶೀಟು

ಬೋರ್ಡಿನ ಮುಖಕ್ಕೆ ಮುಖ್ಯವಾಗಿ ಮೂರು ಸಾಮಾನು ಸಿಗುತ್ತವೆ: ಬ್ಯಾಕ್‌ಲಿಟ್ ಫ್ಲೆಕ್ಸ್, ಅಕ್ರಿಲಿಕ್, ಪಾಲಿಕಾರ್ಬೊನೇಟ್.

ಫ್ಲೆಕ್ಸ್ ಎಲ್ಲಕ್ಕಿಂತ ಅಗ್ಗ. ಆದರೆ ಬಿಸಿಲಿಗೆ ಸಡಿಲವಾಗಿ ಜೋಲುತ್ತದೆ, ಗಾಳಿಗೆ ಬಡಿದುಕೊಳ್ಳುತ್ತದೆ, ಮೇಲಿನ ಪ್ರಿಂಟ್ ಬೇಗ ಮಾಸುತ್ತದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಹೊರಡಿಸಿದ ಅಧಿಸೂಚನೆ ಪ್ಲಾಸ್ಟಿಕ್ ಕೈಚೀಲಗಳ ಜೊತೆಗೆ ಫ್ಲೆಕ್ಸ್, ಪ್ಲಾಸ್ಟಿಕ್ ಬ್ಯಾನರ್‌ಗಳ ತಯಾರಿಕೆ, ಮಾರಾಟ, ಬಳಕೆಯನ್ನೂ ನಿಷೇಧಿಸಿದೆ. ವರ್ಷಗಟ್ಟಲೆ ಇರಬೇಕಾದ ಅಂಗಡಿ ಹೆಸರಿಗೆ ಫ್ಲೆಕ್ಸ್ ಆರಿಸಬೇಡಿ.

ಹೆಚ್ಚಿನ ಅಂಗಡಿಗಳಿಗೆ ಸರಿಹೊಂದುವುದು ಅಕ್ರಿಲಿಕ್, ಅದರಲ್ಲೂ ಹಾಲು ಬಿಳುಪಿನ ಶೀಟು. ಅಂಗಡಿಯವರು ಮಿಲ್ಕಿ ವೈಟ್ ಅಥವಾ ಓಪಲ್ ಅನ್ನುತ್ತಾರೆ. ಎಂಟಡಿ ಉದ್ದ, ನಾಲ್ಕಡಿ ಅಗಲದ ಶೀಟು ಸಾಮಾನ್ಯವಾಗಿ ಸಿಗುವ ಅಳತೆ. ಬೋರ್ಡಿನ ಎತ್ತರ ಮೂರಡಿಯೊಳಗಿದ್ದರೆ 3 ಎಂಎಂ ದಪ್ಪ ಸಾಕು. ಅದಕ್ಕಿಂತ ಎತ್ತರವಾದರೆ 4 ಅಥವಾ 5 ಎಂಎಂ ಹಾಕಿ, ಇಲ್ಲವಾದರೆ ಗಾಳಿಗೆ ಹೊಟ್ಟೆ ಉಬ್ಬಿದಂತೆ ಒಳಗೆ ಹೊರಗೆ ಆಡುತ್ತದೆ. ಅಚ್ಚಿನಲ್ಲಿ ಎರಕ ಹೊಯ್ದ ಕಾಸ್ಟ್ ಶೀಟು, ಯಂತ್ರದಿಂದ ಒತ್ತಿ ಎಳೆದ ಎಕ್ಸ್‌ಟ್ರೂಡೆಡ್ ಶೀಟು ಎಂದು ಅಕ್ರಿಲಿಕ್‌ನಲ್ಲಿ ಎರಡು ಬಗೆ. ಲೇಸರ್‌ನಲ್ಲಿ ಅಕ್ಷರ ಕತ್ತರಿಸುವುದಿದ್ದರೆ ಕಾಸ್ಟ್ ಶೀಟನ್ನೇ ಕೇಳಿ. ಅದರ ಅಂಚಿನಲ್ಲಿ ಬಿರುಕು ಬೀಳುವುದು ಕಡಿಮೆ.

ಅಕ್ರಿಲಿಕ್ ಅಂತ ಹೇಳಿ ಪಾಲಿಸ್ಟೈರೀನ್ ಶೀಟು ಕೊಡುವುದೂ ಉಂಟು. ನೋಡಲು ಹಾಗೇ ಇರುತ್ತದೆ, ಆದರೆ ಬಿಸಿಲಿಗೆ ಹಳದಿಗಟ್ಟಿ ಪೆಡಸಾಗಿ ಒಡೆಯುತ್ತದೆ. ಪರೀಕ್ಷೆ ಸುಲಭ. ಕತ್ತರಿಸಿ ಉಳಿದ ಬೆರಳುದ್ದದ ಚೂರನ್ನು ಇಕ್ಕಳದಲ್ಲಿ ಹಿಡಿದು, ಬಯಲಿನಲ್ಲಿ, ತುದಿಗೆ ಬೆಂಕಿ ತಾಗಿಸಿ. ಪಾಲಿಸ್ಟೈರೀನ್ ಆದರೆ ಕಪ್ಪು ಮಸಿ ಎಳೆಎಳೆಯಾಗಿ ಹಾರುತ್ತದೆ. ಅಕ್ರಿಲಿಕ್ ಆದರೆ ಹೊಗೆ ತೀರಾ ಕಡಿಮೆ, ಚಿಟಪಟ ಸದ್ದು ಮಾಡುತ್ತಾ ಉರಿಯುತ್ತದೆ. ಹೊಗೆಯನ್ನು ಮೂಗಿಗೆ ಎಳೆದುಕೊಳ್ಳಬೇಡಿ.

ಇನ್ನು ಲೈಟಿನ ಪರೀಕ್ಷೆ. ಮೊಬೈಲ್ ಟಾರ್ಚನ್ನು ಶೀಟಿನ ಹಿಂದೆ ನಾಲ್ಕು ಇಂಚು ದೂರದಲ್ಲಿ ಹಿಡಿಯಿರಿ. ಬೆಳಕಿನ ಚುಕ್ಕಿ ಚುಕ್ಕಿಯಾಗಿಯೇ ಕಂಡರೆ ಆ ಶೀಟು ಬೆಳಕನ್ನು ಹರಡುತ್ತಿಲ್ಲ. ಮಬ್ಬಾದ ದೊಡ್ಡ ವೃತ್ತವಾಗಿ ಕಂಡರೆ ಸರಿ. ಬೆಳಕೇ ಹೊರಗೆ ಬರದಿದ್ದರೆ ತೀರಾ ದಟ್ಟ ಆಯಿತು, ಅಂಥದ್ದಕ್ಕೆ ಎಲ್‌ಇಡಿ ಜಾಸ್ತಿ ಹಾಕಬೇಕಾಗುತ್ತದೆ.

ಪಾಲಿಕಾರ್ಬೊನೇಟ್ ಕಲ್ಲೇಟಿಗೂ ಒಡೆಯುವುದಿಲ್ಲ. ಕೈಗೆ ಎಟುಕುವ ಎತ್ತರದ ಬೋರ್ಡಿಗೆ, ಮಕ್ಕಳು ಚೆಂಡಾಡುವ ಬೀದಿಗೆ ಒಳ್ಳೆಯದು. ಬೆಲೆ ಜಾಸ್ತಿ, ಗೀರೂ ಬೇಗ ಬೀಳುತ್ತದೆ. ಬಿಸಿಲು ತಡೆಯುವ ಲೇಪನ ಇರುವ ಶೀಟನ್ನೇ ತಗೊಳ್ಳಿ. ಹಲವು ಶೀಟುಗಳಲ್ಲಿ ಆ ಲೇಪನ ಒಂದೇ ಮುಖಕ್ಕಿರುತ್ತದೆ. ಯಾವ ಮುಖ ಅಂತ ಮೇಲಿನ ರಕ್ಷಣಾ ಹಾಳೆಯಲ್ಲಿ ಬರೆದಿರುತ್ತದೆ, ಆ ಮುಖ ಹೊರಗೆ ಬರಬೇಕು. ಪಾಲಿಕಾರ್ಬೊನೇಟ್ ತೇವ ಹೀರಿಕೊಳ್ಳುವ ಶೀಟು. ಮಳೆಗಾಲದಲ್ಲಿ ಗೋಡೆಗೆ ಒರಗಿಸಿಟ್ಟ ಶೀಟಿಗೆ ವಿನೈಲ್ ಅಂಟಿಸಿದರೆ ಮುಂದೆ ಬಿಸಿಲಿಗೆ ಗುಳ್ಳೆ ಏಳುತ್ತವೆ.

ಎಸಿಪಿ ಶೀಟಿನಲ್ಲಿ (ಎರಡು ತೆಳು ಅಲ್ಯೂಮಿನಿಯಂ ಹಾಳೆಗಳ ನಡುವೆ ಪ್ಲಾಸ್ಟಿಕ್ ಇರುವ ಶೀಟು) ಅಕ್ಷರದ ಆಕಾರ ಕೊರೆದು, ಹಿಂದೆ ಅಕ್ರಿಲಿಕ್ ಇಡುವ ಬೋರ್ಡುಗಳೂ ಈಗ ಬಹಳ ಕಾಣುತ್ತವೆ. ಅಕ್ಷರ ಮಾತ್ರ ಬೆಳಗುತ್ತದೆ, ಗಟ್ಟಿಯೂ ಹೌದು. ಆದರೆ ಬಣ್ಣಕ್ಕೆ ಅದರಲ್ಲೂ ವಿನೈಲ್ ಬೇಕೇ ಬೇಕು.

ವಿನೈಲ್: ಇಲ್ಲೇ ಬೋರ್ಡ್ ಗೆಲ್ಲುವುದು, ಸೋಲುವುದು

ಸ್ಟಿಕ್ಕರ್ ಅಂಗಡಿಯಲ್ಲಿ ಕೆಂಪು ವಿನೈಲ್ ಕೇಳಿದರೆ ಕೈಗೆ ಬರುವುದು ಸಾಮಾನ್ಯವಾಗಿ ಬೆಳಕು ತೂರದ ವಿನೈಲ್. ಬೈಕಿಗೆ, ಗಾಜಿನ ಬಾಗಿಲಿಗೆ ಅದು ಸರಿ. ಹಿಂದೆ ಲೈಟ್ ಬಂದರೆ ಅದು ಕಪ್ಪಗೋ ಕಂದಾಗಿಯೋ ಕಾಣುತ್ತದೆ. ನಿಮಗೆ ಬೇಕಾದದ್ದು ಟ್ರಾನ್ಸ್‌ಲ್ಯೂಸೆಂಟ್ ವಿನೈಲ್. ಅದರಲ್ಲಿ ಬಣ್ಣ ಎಲ್ಲೆಡೆ ಒಂದೇ ಸಮನಾಗಿ ಬೆರೆತಿರುತ್ತದೆ, ಬೆಳಕು ತೂರಿ ಬಂದರೂ ಕೆಂಪು ಕೆಂಪಾಗಿಯೇ ಉಳಿಯುತ್ತದೆ. 3ಎಂ ಕಂಪನಿಯ 3630 ಸರಣಿ, ಒರಾಕಲ್‌ನ 8500 ಸರಣಿ ಹಿಂಬೆಳಕಿಗೆಂದೇ ಮಾಡಿದವು. ಒರಾಕಲ್‌ನದೇ 651 ಸರಣಿ ತುಂಬ ಹೆಸರಾದದ್ದು, ಆದರೆ ಅದು ಬೆಳಕು ತಡೆಯುವ ವಿನೈಲ್. ಕಂಪನಿ ಹೆಸರು ಕೇಳಿ ಸುಮ್ಮನಾಗಬೇಡಿ, ಸರಣಿಯ ಸಂಖ್ಯೆಯನ್ನೂ ಕೇಳಿ.

ವಿನೈಲ್ ತಯಾರಾಗುವ ರೀತಿಯಲ್ಲೂ ವ್ಯತ್ಯಾಸವಿದೆ. ಕ್ಯಾಲೆಂಡರ್ಡ್ ವಿನೈಲನ್ನು ಬಿಸಿ ರೋಲರ್‌ಗಳ ನಡುವೆ ಒತ್ತಿ, ಎಳೆದು ತೆಳು ಮಾಡಿರುತ್ತಾರೆ. ಎಳೆಸಿಕೊಂಡ ವಿನೈಲ್ ಬಿಸಿಲು ತಾಗಿದಾಗ ಹಿಂದಕ್ಕೆ ಕುಗ್ಗಲು ನೋಡುತ್ತದೆ. ಅಕ್ಷರದ ಅಂಚಿನಲ್ಲಿ ಅಂಟಿನ ಗೆರೆ ಕಾಣಿಸಿಕೊಂಡು ಅದಕ್ಕೆ ಧೂಳು ಮೆತ್ತುವುದು ಇದೇ ಕಾರಣಕ್ಕೆ. ಕಾಸ್ಟ್ ವಿನೈಲನ್ನು ದ್ರವವಾಗಿ ಹರಡಿ ಒಣಗಿಸಿರುತ್ತಾರೆ. ಅದಕ್ಕೆ ಎಳೆತ ಇಲ್ಲ, ಹಾಗಾಗಿ ಕುಗ್ಗುವುದೂ ತೀರಾ ಕಡಿಮೆ. ಕಾಸ್ಟ್ ಸುಮಾರು 50 ಮೈಕ್ರಾನ್ ದಪ್ಪ, ಕ್ಯಾಲೆಂಡರ್ಡ್ 75ರಿಂದ 100. ಇಲ್ಲಿ ದಪ್ಪ ಜಾಸ್ತಿ ಇದ್ದರೆ ಬಾಳಿಕೆ ಜಾಸ್ತಿ ಅನ್ನುವ ಲೆಕ್ಕ ನಡೆಯುವುದಿಲ್ಲ. ಕ್ಯಾಲೆಂಡರ್ಡ್‌ನಲ್ಲೇ ಮೊನೊಮೆರಿಕ್ ಎಲ್ಲಕ್ಕಿಂತ ಅಗ್ಗ, ಹೊರಗಡೆ ಎರಡು ಮೂರು ವರ್ಷ ಬಂದರೆ ಹೆಚ್ಚು. ಪಾಲಿಮೆರಿಕ್ ಐದು ವರ್ಷದ ಆಸುಪಾಸು. ಕಾಸ್ಟ್ ಏಳು ವರ್ಷ ದಾಟುತ್ತದೆ. ನಮ್ಮ ಬಿಸಿಲಿಗೆ ಈ ಲೆಕ್ಕದಲ್ಲಿ ಒಂದಿಷ್ಟು ಕಳೆದುಕೊಳ್ಳಿ. ಪಶ್ಚಿಮಕ್ಕೆ ಮುಖ ಮಾಡಿದ ಬೋರ್ಡಿಗೆ ಕಾಸ್ಟ್, ಉಳಿದದ್ದಕ್ಕೆ ಪಾಲಿಮೆರಿಕ್, ಮೊನೊಮೆರಿಕ್ ಯಾವುದಕ್ಕೂ ಬೇಡ.

ಪ್ರಿಂಟ್ ಮಾಡಿಸಬೇಕೋ, ಬಣ್ಣದ ವಿನೈಲನ್ನೇ ಕತ್ತರಿಸಿ ಅಂಟಿಸಬೇಕೋ ಅನ್ನುವುದು ಮುಂದಿನ ಪ್ರಶ್ನೆ. ಬೆಣ್ಣೆ ದೋಸೆಯ ಫೋಟೋ ಇರಲೇಬೇಕು ಎಂದರೆ ಪ್ರಿಂಟ್ ಬಿಟ್ಟು ದಾರಿಯಿಲ್ಲ. ಬರೀ ಹೆಸರು, ಒಂದು ಗುರುತು ಸಾಕೆಂದರೆ ಕತ್ತರಿಸಿದ ವಿನೈಲ್ ಎಷ್ಟೋ ಮೇಲು. ಪ್ರಿಂಟಿನ ಕೆಂಪು ಮೆಜೆಂಟಾ ಮತ್ತು ಹಳದಿ ಶಾಯಿ ಸೇರಿ ಆಗುವ ಬಣ್ಣ. ಬಿಸಿಲಿಗೆ ಬೇಗ ಮಾಸುವ ಶಾಯಿಗಳು ಅವೆರಡೇ. ನೀಲಿ, ಕಪ್ಪು ಉಳಿದು ಕೆಂಪು ಹಾರಿಹೋದ ಬೋರ್ಡುಗಳನ್ನು ನೀವೂ ನೋಡಿರುತ್ತೀರಿ. ನಮ್ಮ ಅಂಗಡಿಗಳಿಗೆ ಅರಿಶಿನ-ಕುಂಕುಮದ ಬಣ್ಣ ಇಷ್ಟ. ಆ ಎರಡೂ ಬಣ್ಣ ವರ್ಷಗಟ್ಟಲೆ ನಿಲ್ಲಬೇಕಾದರೆ ಬಣ್ಣದ ವಿನೈಲ್ ಕತ್ತರಿಸಿಯೇ ಮಾಡಿಸಿ.

ಪ್ರಿಂಟೇ ಬೇಕಾದರೆ ಮೂರು ಮಾತು ಹೇಳಿಬಿಡಿ. ಹಿಂಬೆಳಕಿಗೆಂದೇ ಇರುವ ಬಿಳಿ ವಿನೈಲ್ ಮೇಲೆ ಆಗಬೇಕು. ಮಾಮೂಲಿ ಪ್ರಿಂಟ್ ವಿನೈಲ್‌ಗಳಲ್ಲಿ ಕೆಲವಕ್ಕೆ ಬೂದು ಬಣ್ಣದ ಅಂಟಿರುತ್ತದೆ, ಅದು ಬೆಳಕು ಬಿಡುವುದಿಲ್ಲ. ಎರಡನೆಯದು, ಶಾಯಿ ಜಾಸ್ತಿ ಬೀಳಬೇಕು. ಮಾಮೂಲಿ ಪ್ರಿಂಟಿನ ಬಣ್ಣ ಲೈಟ್ ಹಾಕಿದಾಗ ತೊಳೆದಂತೆ ತಿಳಿಯಾಗುತ್ತದೆ. ಅದಕ್ಕೇ ಎರಡು ಸಲ ಒಂದರ ಮೇಲೊಂದು ಹೊಡೆಯುವ ಪದ್ಧತಿ ಇದೆ. ಮೂರನೆಯದು, ಶಾಯಿ ಪೂರ್ತಿ ಒಣಗಿದ ಮೇಲೆ ಬಿಸಿಲು ತಡೆಯುವ ಲ್ಯಾಮಿನೇಷನ್ ಆಗಬೇಕು.

ಚಿನ್ನದ ಬಣ್ಣ ಕೇಳುವವರು ಬಹಳ, ಒಡವೆ ಅಂಗಡಿಯವರಂತೂ ಖಂಡಿತ ಕೇಳುತ್ತಾರೆ. ಹೊಳೆಯುವ ಕನ್ನಡಿ ಚಿನ್ನದ ವಿನೈಲ್ ಬೆಳಕು ಬಿಡುವುದಿಲ್ಲ. ರಾತ್ರಿ ಅದು ಕಪ್ಪು. ಚಿನ್ನ ಬೇಕೇ ಬೇಕೆಂದರೆ ಲೋಹದ ಅಕ್ಷರ ಮಾಡಿಸಿ, ಗೋಡೆಯ ಮೇಲೆ ಅದರ ಹಿಂದಿನಿಂದ ಬೆಳಕು ಚೆಲ್ಲುವಂತೆ ಮಾಡುವುದು ಮೇಲು.

ಹಿನ್ನೆಲೆಗೂ ಬಣ್ಣ ಹಾಕುವುದಾದರೆ ಜೋಡಣೆಯ ಗೆರೆ ನೆನಪಿರಲಿ. ಟ್ರಾನ್ಸ್‌ಲ್ಯೂಸೆಂಟ್ ವಿನೈಲ್ ಒಂದರ ಮೇಲೊಂದು ಕೂತ ಕಡೆ ರಾತ್ರಿ ಕಡುಗೆರೆ ಕಾಣುತ್ತದೆ. ಸಂದು ಬಿಟ್ಟರೆ ಬಿಳಿ ಗೆರೆ. ನಾಲ್ಕಡಿ ಅಗಲದ ರೋಲ್ ಸಿಗುವುದರಿಂದ ಬೋರ್ಡಿನ ಎತ್ತರವನ್ನು ನಾಲ್ಕಡಿಯೊಳಗೆ ಇಟ್ಟುಕೊಂಡರೆ ಜೋಡಣೆಯೇ ಬೇಡ. ಅಕ್ಷರ ಮಾತ್ರ ಬೆಳಗಲಿ, ಹಿನ್ನೆಲೆ ಕತ್ತಲಾಗಿರಲಿ ಅನ್ನುವವರು ಹಿನ್ನೆಲೆಗೆ ಬೆಳಕು ಪೂರ್ತಿ ತಡೆಯುವ ಬ್ಲಾಕೌಟ್ ವಿನೈಲ್ ಹಾಕಿಸಬೇಕು. ಮಾಮೂಲಿ ಕಪ್ಪು ವಿನೈಲ್‌ನಲ್ಲಿ ಸೂಜಿ ತೂತಿನಂಥ ಬೆಳಕು ಸೋರುತ್ತದೆ.

ಕನ್ನಡ ಅಕ್ಷರದ ಫೈಲ್

ಹಳೆಯ ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಯೂನಿಕೋಡ್ ಕನ್ನಡ ಅಂಟಿಸಿದರೆ ಒತ್ತಕ್ಷರ ಬಿಡಿಬಿಡಿಯಾಗುತ್ತದೆ. ಅದಕ್ಕೇ ಬಹಳ ಕಡೆ ನುಡಿ ಫಾಂಟಿನಲ್ಲಿ ಮತ್ತೆ ಟೈಪ್ ಮಾಡುತ್ತಾರೆ. ತಪ್ಪು ನುಸುಳುವುದು ಅಲ್ಲೇ. ಅರ್ಕಾವತ್ತು ಜಾಗ ತಪ್ಪಿದೆಯಾ, ಒತ್ತು ಸರಿಯಾದ ಅಕ್ಷರದ ಕೆಳಗೇ ಇದೆಯಾ ನೋಡಿ. ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಮನೆಯವರೊಬ್ಬರಿಗೆ ಗಟ್ಟಿಯಾಗಿ ಓದಲು ಹೇಳಿ. ಒಪ್ಪಿಗೆಯಾದ ಮೇಲೆ ಅಕ್ಷರಗಳನ್ನು ಕರ್ವ್‌ಗೆ, ಅಂದರೆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲೂ ಬದಲಾಗದ ಗೆರೆಗಳಿಗೆ, ಬದಲಿಸಿಯೇ ಕಟಿಂಗಿಗೆ ಕಳಿಸಬೇಕು.

ಕಡು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬೆಳಗುವಾಗ ಬೆಳಕು ಅಂಚು ಮೀರಿ ಹರಡಿದಂತೆ ಕಾಣುತ್ತದೆ. ಅಕ್ಷರದೊಳಗಿನ ಸಣ್ಣ ಸಂದುಗಳು ಮುಚ್ಚಿಹೋಗುತ್ತವೆ. ಮಂಡಿಪೇಟೆಯ 'ಧಾನ್ಯ ಭಂಡಾರ' ದೂರದಿಂದ 'ದಾನ್ಯ ಬಂಡಾರ' ಆಗುವುದು ಹೀಗೆ. ಮಹಾಪ್ರಾಣದ ಸೀಳು, 'ಷ'ದ ಒಳಗೆರೆ, 'ಏ'ಯ ಸುರುಳಿ, ಇವುಗಳನ್ನು ಸ್ವಲ್ಪ ಅಗಲ ಮಾಡಿಸಿ. ತೀರಾ ದಪ್ಪ ಫಾಂಟ್ ಬೇಡ. ತೀರಾ ತೆಳುವೂ ಬೇಡ, ತೆಳು ಗೆರೆಯ ವಿನೈಲ್ ಮೊದಲು ಕಿತ್ತು ಬರುತ್ತದೆ.

ಡಬ್ಬಿಯ ಆಳ, ಒಳಗಿನ ಬೆಳಕು

ಎಲ್‌ಇಡಿ ಮಾಡ್ಯೂಲ್‌ಗಳ (ಎಲ್‌ಇಡಿ ಕೂರಿಸಿದ ಪುಟ್ಟ ಬಿಲ್ಲೆಗಳ) ನಡುವಿನ ಅಂತರ ಬೋರ್ಡಿನ ಡಬ್ಬಿಯ ಆಳಕ್ಕಿಂತ ಜಾಸ್ತಿಯಾದರೆ ಚುಕ್ಕಿ ಕಾಣುತ್ತದೆ. ಐದು ಇಂಚು ಆಳ, ಐದು ಇಂಚು ಅಂತರ ಅಂತಿಟ್ಟುಕೊಳ್ಳಿ. ಎಂಟಡಿ ಉದ್ದ, ಮೂರಡಿ ಎತ್ತರದ ಬೋರ್ಡಿಗೆ ಸಾಲಿಗೆ 19ರಂತೆ 7 ಸಾಲು, ಒಟ್ಟು 133 ಮಾಡ್ಯೂಲ್. ಒಂದಕ್ಕೆ ಒಂದು ವಾಟ್ ಎಂದರೆ 133 ವಾಟ್. ಎಸ್‌ಎಂಪಿಎಸ್ (ಮನೆ ಕರೆಂಟನ್ನು ಎಲ್‌ಇಡಿಗೆ ಬೇಕಾದ 12 ವೋಲ್ಟಿಗೆ ಇಳಿಸುವ ಪೆಟ್ಟಿಗೆ) ಅನ್ನು ಪೂರ್ತಿ ದುಡಿಸಬಾರದು, ಶೇಕಡ 80ಕ್ಕೆ ನಿಲ್ಲಿಸಬೇಕು. ಹಾಗಾಗಿ 12 ವೋಲ್ಟ್, 15 ಆಂಪಿಯರ್‌ನದು, ಅಂದರೆ 180 ವಾಟಿನದು ಬೇಕು. ದಿನಕ್ಕೆ ಐದು ತಾಸು ಉರಿಸಿದರೆ ತಿಂಗಳಿಗೆ 20 ಯೂನಿಟ್, ಎಸ್‌ಎಂಪಿಎಸ್‌ನಲ್ಲಿ ಆಗುವ ನಷ್ಟ ಸೇರಿಸಿದರೆ 22–23 ಯೂನಿಟ್ ಆಗುತ್ತದೆ. ಬೆಸ್ಕಾಂ ಬಿಲ್ಲಿನಲ್ಲಿ ಅಂಥ ಹೊರೆಯೇನಲ್ಲ.

ಉದ್ದನೆಯ ಒಂದೇ ಸರಪಳಿಯಲ್ಲಿ ಎಲ್ಲ ಮಾಡ್ಯೂಲ್ ಜೋಡಿಸಿದರೆ ಕೊನೆಯವು ಮಂಕಾಗುತ್ತವೆ. ಇಪ್ಪತ್ತಕ್ಕೊಂದರಂತೆ ಬೇರೆ ವೈರ್ ಎಳೆಸಿ. ಡಬ್ಬಿಯ ಒಳಗೋಡೆಗೆ ಬಿಳಿ ಬಣ್ಣ ಹೊಡೆಸಿ, ಅದೇ ಎಲ್‌ಇಡಿಯಲ್ಲಿ ಬೆಳಕು ಹೆಚ್ಚುತ್ತದೆ. ಹಳದಿ ಮುಖದ ಬೋರ್ಡಿಗೆ 6500 ಕೆಲ್ವಿನ್‌ನ ನೀಲಿ ಬಿಳಿ ಹಾಕಿದರೆ ಹಳದಿ ಹಸಿರು ಕಡೆ ವಾಲಬಹುದು. 4000 ಕೆಲ್ವಿನ್‌ನದನ್ನೂ ಹಚ್ಚಿಸಿ ನೋಡಿ.

ಆರ್ಡರ್ ಮೊದಲು ಒಂದಡಿ ತುಂಡು

ಇದನ್ನು ಮಾತ್ರ ಬಿಡಬೇಡಿ. "ಅಣ್ಣಾ, ಇದೇ ಶೀಟು, ಇದೇ ವಿನೈಲಲ್ಲಿ ಒಂದಡಿ ಸ್ಯಾಂಪಲ್ ಮಾಡಿಕೊಡಿ, ಅದರ ದುಡ್ಡು ಬೇರೆ ಕೊಡ್ತೀನಿ" ಅಂತ ಕೇಳಿ. ಹೆಸರಿನಲ್ಲಿರುವ ಅತಿ ಗೊಂದಲದ ಅಕ್ಷರ ಅದರಲ್ಲಿರಲಿ. ನಿಮ್ಮ ಬೋರ್ಡಿನಷ್ಟೇ ಆಳದ ರಟ್ಟಿನ ಡಬ್ಬಿಯಲ್ಲಿ ನಾಲ್ಕು ಮಾಡ್ಯೂಲ್ ಅಂಟಿಸಿ, ಮುಂದೆ ಈ ತುಂಡಿಟ್ಟು, ಕತ್ತಲಾದ ಮೇಲೆ ಅಂಗಡಿ ಮುಂದೆಯೇ ಹಚ್ಚಿಸಿ. ಗಿರಾಕಿ ನಿಲ್ಲುವ ಜಾಗಕ್ಕೆ ಹೋಗಿ ನೋಡಿ. ಪಕ್ಕದ ಅಂಗಡಿಯ ಲೈಟ್, ಬೀದಿ ದೀಪ ಎಲ್ಲ ಇದ್ದಾಗ ಹೇಗಿದೆ ಅನ್ನುವುದು ಅಲ್ಲೇ ತಿಳಿಯುತ್ತದೆ. ಮರುದಿನ ಮಧ್ಯಾಹ್ನದ ಬಿಸಿಲಿನಲ್ಲೂ ಒಮ್ಮೆ ನೋಡಿ. ಒಪ್ಪಿಗೆಯಾದ ತುಂಡಿನ ಹಿಂದೆ ಸರಣಿಯ ಸಂಖ್ಯೆ ಬರೆಸಿ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ.

ಅಂಟಿಸುವ ದಿನ

ಬೇಸಿಗೆಯಲ್ಲಾದರೆ ಬೆಳಗ್ಗೆ ಹತ್ತರೊಳಗೆ, ನೆರಳಿನಲ್ಲಿ ಆಗಬೇಕು. ಕಾದ ಶೀಟಿಗೆ ವಿನೈಲ್ ತಾಗಿದ ಕೂಡಲೇ ಕಚ್ಚಿಕೊಳ್ಳುತ್ತದೆ, ಸರಿಪಡಿಸಲು ಬಿಡುವುದಿಲ್ಲ. ರಕ್ಷಣಾ ಹಾಳೆ ಎಳೆದಾಗ ಶೀಟಿನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಧೂಳು ಓಡಿ ಬಂದು ಅಂಟುತ್ತದೆ. ನೆಲಕ್ಕೆ ನೀರು ಚಿಮುಕಿಸಿ, ಫ್ಯಾನ್ ನಿಲ್ಲಿಸಿ, ಒದ್ದೆ ಬಟ್ಟೆಯಲ್ಲಿ ಶೀಟು ಒರೆಸಿ. ಥಿನ್ನರ್, ಪೆಟ್ರೋಲ್, ಸ್ಪಿರಿಟ್ ಅಕ್ರಿಲಿಕ್‌ಗೆ ತಾಗಲೇಬಾರದು. ಕೂದಲೆಳೆಯಂಥ ಬಿರುಕುಗಳು ಏಳುತ್ತವೆ, ರಾತ್ರಿ ಲೈಟ್‌ನಲ್ಲಿ ಅವು ಎದ್ದು ಕಾಣುತ್ತವೆ. ದೊಡ್ಡ ತುಂಡಿಗೆ ಒಂದೆರಡು ಹನಿ ಸೋಪು ಹಾಕಿದ ನೀರು ಸಿಂಪಡಿಸಿ, ನಡುವಿನಿಂದ ಅಂಚಿಗೆ ಸ್ಕ್ವೀಜಿ (ನೀರು, ಗಾಳಿ ಒತ್ತಿ ಹೊರಹಾಕುವ ಪಟ್ಟಿ) ಎಳೆಯಬೇಕು.

ಭಟ್ಟಿಯ ಮಸಿ, ರಸ್ತೆ ಧೂಳು ಜಾಸ್ತಿ ಇರುವ ಕಡೆ ಇನ್ನೊಂದು ದಾರಿ ಇದೆ. ಪಾರದರ್ಶಕ ಅಕ್ರಿಲಿಕ್‌ನ ಒಳಮುಖಕ್ಕೆ ವಿನೈಲನ್ನು ಕನ್ನಡಿ ಬಿಂಬದಂತೆ ತಿರುಗಿಸಿ ಕತ್ತರಿಸಿ ಅಂಟಿಸುವುದು, ಅದರ ಹಿಂದೆ ಬೆಳಕು ಹರಡುವ ಬಿಳಿ ಫಿಲ್ಮ್ ಹಾಕುವುದು. ಹೊರಗೆ ಬರೀ ನುಣುಪು ಶೀಟು. ಒರೆಸಿದರೆ ಸಾಕು.

ಗಾಳಿ, ಮಳೆ, ಬಿಸಿಲು

ಎಂಟಡಿ ಅಕ್ರಿಲಿಕ್ ಶೀಟು 40 ಡಿಗ್ರಿ ಬಿಸಿ ಏರಿದರೆ ಸುಮಾರು 7 ಎಂಎಂ ಹಿಗ್ಗುತ್ತದೆ. ಜನವರಿಯ ಬೆಳಗಿಗೂ ಏಪ್ರಿಲ್ ಮಧ್ಯಾಹ್ನಕ್ಕೂ ಅಷ್ಟು ವ್ಯತ್ಯಾಸ ಸುಲಭವಾಗಿ ಆಗುತ್ತದೆ. ಶೀಟನ್ನು ನಾಲ್ಕೂ ಕಡೆ ಸ್ಕ್ರೂ ಹಾಕಿ ಬಿಗಿದರೆ ಅದು ಒಡೆಯಲೇಬೇಕು. ಅಲ್ಯೂಮಿನಿಯಂ ಚಾನಲ್‌ನಲ್ಲಿ ಕೂರಿಸಿ, ಪಕ್ಕದಲ್ಲಿ ಜಾಗ ಬಿಡಿಸಿ. ಸ್ಕ್ರೂ ಬೇಕೇ ಬೇಕಾದರೆ ತೂತು ಸ್ಕ್ರೂಗಿಂತ ದೊಡ್ಡದಿರಲಿ.

ಮುಂಗಾರಿಗೆ ಮೊದಲು ಬರುವ ಬಿರುಗಾಳಿಯನ್ನು ಹಗುರವಾಗಿ ನೋಡಬೇಡಿ. ಪಕ್ಕದ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ. ಗಂಟೆಗೆ 100 ಕಿ.ಮೀ. ವೇಗದ ಗಾಳಿ 24 ಚದರಡಿಯ ಬೋರ್ಡನ್ನು ಸುಮಾರು 100 ಕೆಜಿ ಭಾರದಷ್ಟು ತಳ್ಳುತ್ತದೆ. ಜಿಐ ಪೈಪಿನ ಫ್ರೇಮ್ ಮಾಡಿಸಿ, ಗೋಡೆಗೆ ಆಂಕರ್ ಬೋಲ್ಟ್ ಹಾಕಿಸಿ. ಬರೀ ಗಾರೆಗೆ ಹೊಡೆದ ಮೊಳೆ ನಿಲ್ಲುವುದಿಲ್ಲ. ಡಬ್ಬಿಯ ತಳದಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರಲಿ, ಹಲ್ಲಿ, ಕಣಜ ನುಗ್ಗದಂತೆ ಜಾಲರಿ ಹಾಕಿಸಿ. ಅರ್ಥಿಂಗ್ ವೈರ್, ಬೇರೆ ಎಂಸಿಬಿ ಇಲ್ಲದೆ ಬೋರ್ಡ್ ಚಾಲೂ ಮಾಡಬೇಡಿ. ಎಸ್‌ಎಂಪಿಎಸ್ ಕೈಗೆ ಸಿಗುವ ಕಡೆ ಇದ್ದರೆ ರಿಪೇರಿಗೆ ಡಬ್ಬಿ ಬಿಚ್ಚಬೇಕಿಲ್ಲ.

ಬಿಲ್ಲಿನಲ್ಲಿ ಏನಿರಬೇಕು

'ಗ್ಲೋ ಸೈನ್ ಬೋರ್ಡ್, ಚದರಡಿಗೆ ಇಷ್ಟು' ಅಂತ ಒಂದೇ ಸಾಲಿನ ಬಿಲ್ ತಗೊಳ್ಳಬೇಡಿ. ಶೀಟಿನ ಕಂಪನಿ ಮತ್ತು ದಪ್ಪ, ವಿನೈಲ್ ಸರಣಿ ಮತ್ತು ಬಣ್ಣದ ಸಂಖ್ಯೆ, ಮಾಡ್ಯೂಲಿನ ವಾಟ್, ಎಸ್‌ಎಂಪಿಎಸ್‌ನ ಆಂಪಿಯರ್, ಯಾವುದಕ್ಕೆ ಎಷ್ಟು ವರ್ಷ ಗ್ಯಾರಂಟಿ, ಇಷ್ಟೂ ಬರೆಸಿ. ಎರಡು ಅಂಗಡಿಗಳ ದರ ಹೋಲಿಸಲು ಬೇರೆ ದಾರಿಯೇ ಇಲ್ಲ. ಡಿಸೈನ್ ಫೈಲನ್ನೂ, ಪ್ರತಿ ಬಣ್ಣದ ಒಂದಡಿ ವಿನೈಲನ್ನೂ ಕೇಳಿ ಇಸ್ಕೊಳ್ಳಿ. ವಿನೈಲನ್ನು ಮಡಚದೆ, ಸುರುಳಿ ಸುತ್ತಿ, ಬಿಸಿಲು ಬೀಳದ ಕಡೆ ಇಡಿ.

ಎರಡು ಮೂರು ತಿಂಗಳಿಗೊಮ್ಮೆ ಸೋಪು ನೀರು, ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಮೊದಲು ನೀರು ಹಾಯಿಸಿ ಧೂಳು ಇಳಿಸಿ. ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಬೀಳುತ್ತದೆ. ಮುಂದೆ ಯಾವತ್ತೋ ಒಂದಕ್ಷರ ಕಿತ್ತು ಹೋದರೆ, ಉಳಿಸಿಟ್ಟ ವಿನೈಲಿನ ತುಂಡನ್ನು ಹಳೆ ಅಕ್ಷರದ ಪಕ್ಕ ಹಿಡಿದು, ರಾತ್ರಿ ಲೈಟ್ ಹಾಕಿ ನೋಡಿ. ಬಣ್ಣ ಹೊಂದಿದರೆ ಆ ಅಕ್ಷರ ಮಾತ್ರ ಬದಲಿಸಿ. ಹೊಸದು ಎದ್ದು ಕಂಡರೆ ಆ ಪದವನ್ನು ಪೂರ್ತಿ ಬದಲಿಸಿ.